ನಾಲ್ಕನೇ ಪ್ಯಾರಾಕ್ಕೆ ಅಮ್ಮ ಕೊಟ್ಟ ಉತ್ತರ

ಮನೆ, ಅಡುಗೆಮನೆಯ ಮೇಜು
ಮೂರನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

'ಪ್ರೀತಿಯ' ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಮೂರನೆಯ ಸಲ ಬರೆದದ್ದನ್ನು ಹಾಗೇ ಬಿಟ್ಟಿದ್ದೇನೆ, ಇನ್ನೊಂದು ಹಾಳೆ ದಂಡ ಮಾಡುವ ಮನಸ್ಸಿಲ್ಲ. ಹೇಗಿದ್ದೀಯ? ಚಳಿ ಶುರುವಾದರೆ ನಿನ್ನ ಎಡಗಿವಿ ಸೋರುತ್ತಿತ್ತು, ಈಗಲೂ ಸೋರುತ್ತದೆಯೇ? ಹತ್ತಿ ಇಟ್ಟುಕೊಂಡು ಮಲಗು ಎಂದು ಹೇಳುವವರು ಅಲ್ಲಿ ಯಾರಾದರೂ ಇದ್ದಾರೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಕೈಗೆ ಹತ್ತಿದ ಗ್ರೀಸು ತೊಳೆಯುವ ಸೋಮಾರಿತನಕ್ಕೆ ನಾಲ್ಕು ಗಂಟೆಯವರೆಗೂ ಖಾಲಿ ಹೊಟ್ಟೆಯಲ್ಲೇ ಇರುತ್ತೀಯೋ? ಇಲ್ಲಿ ಅಮ್ಮನ ಆರೋಗ್ಯ ಪರವಾಗಿಲ್ಲ. ಮೊಣಕಾಲು ಹಿಡಿದುಕೊಳ್ಳುತ್ತದೆ, ಬಾಯಿ ಮಾತ್ರ ಎಂದಿನಂತೆ ಸಲೀಸಾಗಿ ಓಡುತ್ತಿದೆ. ನಿನ್ನ ಭಾವ ಚೆನ್ನಾಗಿದ್ದಾರೆ, ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದಾರೆ. ನೀನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಐದು ವರ್ಷದ ನನ್ನ ಮಗಳಿಗೆ ಈಗ ನನ್ನ ಚಪ್ಪಲಿ ಸರಿಹೋಗುತ್ತದೆ. ನಾನು ಅದೇ ಲ್ಯಾಬಿನಲ್ಲಿ ಬೆಳಗ್ಗೆ ಆರರಿಂದ ಮಧ್ಯಾಹ್ನ ಒಂದರವರೆಗೆ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಿದ್ದೇನೆ. ನೀನು ಎದುರಿಗೆ ಸಿಕ್ಕಿದ್ದರೆ ನಿನ್ನ ಎರಡೂ ತೋಳಿಗೆ ಚುಚ್ಚುತ್ತಿದ್ದೆ.

ಅಕ್ಕನಿಗೆ ನನ್ನ ವಿಳಾಸ ಹೇಗೆ ಸಿಕ್ಕಿತು ಎಂದು ನೀನು ಈಗಾಗಲೇ ತಲೆ ಕೆರೆದುಕೊಳ್ಳುತ್ತಿರುತ್ತೀಯ. ಅದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ಬರೀ ಬೈಗುಳವೇ ಬರುತ್ತದೆ, ನೀನು ಅರ್ಧಕ್ಕೇ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತೀಯ. ಮೊದಲು ಒಂದು ಮಾತು. ಇದು ನಿನಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆದ್ದರಿಂದ ಈ ಸಾಲನ್ನು ಎಲ್ಲಾದರೂ ಕುಳಿತು ಓದು. ಅಪ್ಪ ಹೋಗಿ ಎರಡು ವರ್ಷ ಎರಡು ತಿಂಗಳಾಯಿತು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ನೋವು ಹೆಚ್ಚಿರಲಿಲ್ಲ. ಇದಕ್ಕಿಂತ ಮೆಲ್ಲಗೆ ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ಕಟ್ಟಡ ಬೀಳುತ್ತದಂತೆ. ಮೆಟ್ಟಿಲ ಪಕ್ಕದ ದಪ್ಪ ಕಂಬದಲ್ಲಿ ಬಿರುಕು ಬಿಟ್ಟು ವರ್ಷವಾಗಿತ್ತು. ಆರು ತಿಂಗಳ ಹಿಂದೆ ಇಂಜಿನಿಯರು ಬಂದು ಬಿರುಕಿನ ಅಡ್ಡಕ್ಕೆ ಬೆರಳಗಲದ ಗಾಜಿನ ಪಟ್ಟಿಗಳನ್ನು ಅಂಟಿಸಿ ಹೋದರು. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದು ಅರ್ಥವಂತೆ. ಐದರಲ್ಲಿ ಮೂರು ಒಡೆದಿವೆ. ಲಿಫ್ಟಿಗೆ ಬೀಗ ಹಾಕಿದ್ದಾರೆ. ನಾಲ್ಕನೇ ಮಹಡಿಗೆ ಅಮ್ಮ ಪ್ರತಿ ತಿರುವಿನಲ್ಲೂ ಕುಳಿತು ಕುಳಿತು ಹತ್ತುತ್ತಾಳೆ, ಕುಳಿತಾಗಲೆಲ್ಲ ಆ ಲಿಫ್ಟನ್ನು ನೋಡಿ, "ಅವರಿದ್ದಿದ್ರೆ ಇದನ್ನ ಹೀಗೆ ಬಿಡ್ತಿರ್ಲಿಲ್ಲ" ಅನ್ನುತ್ತಾಳೆ. ನಲವತ್ತು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯನ ಹೆಂಡತಿ ಮೆಟ್ಟಿಲು ಹತ್ತುವ ಹಾಗಾಯಿತು ನೋಡು. ಎಲ್ಲ ಮನೆಯವರಿಗೂ ವಸತಿ ಕಚೇರಿಯವರು ಬೇರೆ ಕಡೆ ಹೊಸ ಮನೆ ಕೊಡುತ್ತಾರೆ, ನಿಜ. ಆದರೆ ಈ ತಿಂಗಳ ಕೊನೆಯೊಳಗೆ ಕಾಗದಪತ್ರ ಸರಿಯಿದ್ದವರಿಗೆ ಮಾತ್ರ. ನಮ್ಮ ಮನೆ ಅಪ್ಪನ ಹೆಸರಿನಲ್ಲಿದೆ. ಅಪ್ಪನ ನಂತರ ಅಮ್ಮ, ನಾನು, ನೀನು. ಮೂವರ ಸಹಿ ಬೇಕು. ಮೂವರಲ್ಲಿ ಒಬ್ಬರು ಏಳು ವರ್ಷದ ಹಿಂದೆ ಒಂದು ಚೀಲ, ಒಂದು ಜೊತೆ ಬೂಟು ತೆಗೆದುಕೊಂಡು ಹೇಳದೆ ಕೇಳದೆ ಹೊರಟುಹೋಗಿದ್ದಾರೆ.

ವಸತಿ ಕಚೇರಿಯ ಎಂಟನೇ ಕೌಂಟರಿನಲ್ಲಿ ಒಬ್ಬ ಮೇಡಂ ಇದ್ದಾರೆ. ಕೆಟ್ಟವರಲ್ಲ, ಸುಸ್ತಾದವರು. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು, "ಏಳು ವರ್ಷದಿಂದ ಯಾವ ಸುದ್ದಿಯೂ ಇಲ್ಲ ಅಂದ್ರೆ ತಾಯಿ ಮಗಳು ಇಬ್ಬರೂ ಒಂದು ಅಫಿಡವಿಟ್ ಮಾಡಿಸಿ. ಈಗೆಲ್ಲ ಆನ್‌ಲೈನ್, ಹತ್ತೇ ನಿಮಿಷ" ಎಂದರು. ಹತ್ತೇ ನಿಮಿಷ! ಇವತ್ತಿಗೆ ಇಪ್ಪತ್ತಾರು ದಿನವಾಯಿತು. ಮೊದಲು ಬೀದಿ ಕೊನೆಯಲ್ಲಿ ಟೈಪ್ ಮಾಡುವವರು ಮರದ ಮೇಜು ಹಾಕಿಕೊಂಡು ಕೂರುತ್ತಿದ್ದರು, ನೋಟರಿ ಪಕ್ಕದಲ್ಲೇ ಇರುತ್ತಿದ್ದರು, ನಮ್ಮ ಮುಖ ನೋಡಿ ಒಂದು ಸೀಲು ಒತ್ತಿ ಕಳಿಸುತ್ತಿದ್ದರು. ಈಗ ಆ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ.

ವೆಬ್‌ಸೈಟ್ ತೆರೆದ ಕೂಡಲೇ ಮನೆಯ ದಾಖಲೆಗೆ ಜೋಡಿಸಿದ ಫೋನಿಗೆ ಒಟಿಪಿ ಕಳಿಸಿದ್ದೇವೆ ಎಂದಿತು. ಜೋಡಿಸಿದ್ದು ಅಪ್ಪನ ನಂಬರು. ಆ ನಂಬರನ್ನು ನಾವು ನಿಲ್ಲಿಸಿ ವರ್ಷ ಕಳೆದಿದೆ. ಬದಲಾಯಿಸಬೇಕೆಂದರೆ ಅದಕ್ಕೂ ಮೊದಲು ಆ ನಂಬರಿಗೆ ಬಂದ ಒಟಿಪಿ ಬೇಕು! ಎರಡು ದಿನ ಸಹಾಯವಾಣಿಗೆ ಫೋನು ಮಾಡಿ ಸಂಗೀತ ಕೇಳಿದೆ. ಮೂರನೇ ದಿನ ತಲೆಕೆಟ್ಟು ಅಪ್ಪನ ನಂಬರಿಗೇ ಫೋನು ಮಾಡಿಬಿಟ್ಟೆ. ನನಗೇ ಗೊತ್ತಿಲ್ಲ ಏನೆಂದುಕೊಂಡು ಮಾಡಿದೆನೋ. ಒಂದು ರಿಂಗಾಯಿತು, ಎರಡು ರಿಂಗಾಯಿತು, ಆಮೇಲೆ ಗಂಡಸಿನ ದನಿಯಲ್ಲಿ "ಹಲೋ" ಎಂದಿತು. ಅವರು ಲಾರಿ ಡ್ರೈವರಂತೆ, ನಂಬರು ಈಗ ಅವರಿಗೆ ಸಿಕ್ಕಿದೆ. ವಿಷಯ ಹೇಳಿದೆ. ಪಾಪ, ಗಾಡಿ ಪಕ್ಕಕ್ಕೆ ಹಾಕಿ, "ಹೇಳ್ತೀನಿ ಬರ್ಕೊಳಿ ತಾಯಿ, ನಾಲ್ಕು, ಏಳು, ಸೊನ್ನೆ..." ಎಂದು ಓದಿದರು. ನಂಬರು ಬದಲಾಗಲು ಒಂದು ತಿಂಗಳು ಬೇಕಂತೆ, ಅಲ್ಲಿಯವರೆಗೆ ಪ್ರತಿ ಸಲ ಅವರೇ ಓದುತ್ತಾರೆ. ಮೊನ್ನೆ ಅವರೇ ಫೋನು ಮಾಡಿ, "ಏನಾಯ್ತಮ್ಮಾ, ಮನೆ ಸಿಕ್ತಾ? ಎರಡು ದಿನದಿಂದ ನಂಬರೇ ಬಂದಿಲ್ಲ" ಎಂದು ವಿಚಾರಿಸಿಕೊಂಡರು. ಮುಖ ನೋಡದ ಲಾರಿ ಡ್ರೈವರಿಗೆ ಇರುವ ಕಾಳಜಿ ಒಡಹುಟ್ಟಿದವನಿಗೆ ಇಲ್ಲ ಎಂದು ಬರೆಯಬೇಕೆನಿಸುತ್ತಿದೆ. ಬರೆದೇಬಿಟ್ಟೆ.

ಆಮೇಲೆ ಅಫಿಡವಿಟ್ ಬರೆಯುವ ಸರ್ಕಸ್ಸು. ಅಲ್ಲಿ ಸಿದ್ಧ ನಮೂನೆಗಳಿರುತ್ತವೆ, ಒಂದನ್ನು ಆರಿಸಿ ಖಾಲಿ ಜಾಗ ತುಂಬಬೇಕು. ಹೆಸರು ಬದಲಾವಣೆಗೆ ಒಂದು, ವಿಳಾಸಕ್ಕೆ ಒಂದು, ಸತ್ತವರಿಗೆ ಒಂದು. ಮನೆ ಬಿಟ್ಟು ಹೋಗಿ ಬದುಕಿದ್ದಾನೋ ಇಲ್ಲವೋ ತಿಳಿಯದಂತೆ ಕೂತಿರುವ ತಮ್ಮಂದಿರಿಗೆ ಯಾವ ನಮೂನೆಯೂ ಇಲ್ಲ. ಸತ್ತವರ ನಮೂನೆ ಮುಟ್ಟಲು ಮನಸ್ಸು ಬರಲಿಲ್ಲ. ಅಮ್ಮ ಪಕ್ಕದಲ್ಲೇ ಕುಳಿತಿದ್ದಳು. ನಿನ್ನ ಭಾವ ಹುಡುಕಿ, "ಇಲ್ನೋಡು, 'ಕಳೆದುಹೋದ' ಅಂತ ಒಂದಿದೆ" ಎಂದರು. ಅದನ್ನೇ ತುಂಬಿ, ಬೆರಳಚ್ಚು ಕೊಟ್ಟು, ಕಳಿಸಿದೆವು. ನಾಲ್ಕನೇ ದಿನ ವಾಪಸು ಬಂತು. ಆಗ ಪೂರ್ತಿ ಓದಿದೆ. ಅದು ಕಳೆದುಹೋದ ವಸ್ತುಗಳ ನಮೂನೆ. ಅದರ ಪ್ರಕಾರ ನೀನು ನನ್ನ ಸ್ವಾಧೀನದಲ್ಲಿದ್ದು, ನನ್ನ ಅಜಾಗರೂಕತೆಯಿಂದ ಪ್ರಯಾಣದ ವೇಳೆ ಎಲ್ಲೋ ಬಿದ್ದುಹೋಗಿದ್ದೀಯ. ಸದರಿ ವಸ್ತುವನ್ನು ನಾನು ಯಾರಿಗೂ ಮಾರಿರುವುದಿಲ್ಲ, ಒತ್ತೆ ಇಟ್ಟಿರುವುದಿಲ್ಲ. ಮುಂದೆ ಸದರಿ ವಸ್ತು ಸಿಕ್ಕಲ್ಲಿ ಸಂಬಂಧಪಟ್ಟ ಕಚೇರಿಗೆ ತಕ್ಷಣ ಹಿಂದಿರುಗಿಸಲು ಬದ್ಧಳಾಗಿರುತ್ತೇನೆ. ಭಾವ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ನನಗೂ ನಗು ಬಂತು, ಆಮೇಲೆ ಯಾಕೋ ಅಳು ಬಂತು, ಎದ್ದು ಹೋಗಿ ಪಾತ್ರೆ ತೊಳೆದೆ.

ಖಾಲಿ ಹಾಳೆಯಲ್ಲಿ ನಾನೇ ಬರೆಯಲು ಕುಳಿತೆ. ತಿದ್ದುವುದಕ್ಕೂ ಅಲ್ಲಿ ಒಂದು ಶಿಕ್ಷೆಯಿದೆ. ಒಂದು ಅಕ್ಷರ ತಿದ್ದಿದರೆ ಹಳೆಯ ಪ್ರತಿ ರದ್ದು, ಹೊಸದಕ್ಕೆ ಹೊಸ ನಂಬರು, ಮತ್ತೆ ಗುರುತಿನ ಚೀಟಿ ಸ್ಕ್ಯಾನ್, ಮತ್ತೆ ಅಮ್ಮನ ಫೋಟೋ, ಮತ್ತೆ ಲಾರಿ ಡ್ರೈವರು. 'ತಮ್ಮ' ಎಂದು ಬರೆದರೆ 'ಕಿರಿಯ ಸಹೋದರ' ಎನ್ನಬೇಕು ಎಂದು ವಾಪಸು. 'ಬೇರೆ ಹೆಸರುಗಳಿದ್ದರೆ ನಮೂದಿಸಿ' ಎಂಬಲ್ಲಿ ಸತ್ಯವಾಗಿ 'ಸ್ಪ್ಯಾನರ್' ಎಂದು ನಮೂದಿಸಿದ್ದಕ್ಕೂ ವಾಪಸು. ಮಗುವಾಗಿದ್ದಾಗ ನೀನು ಗೊಂಬೆ ಬಿಟ್ಟು ಅಪ್ಪನ ಸ್ಪ್ಯಾನರನ್ನು ತಬ್ಬಿಕೊಂಡು ಮಲಗುತ್ತಿದ್ದೆ, ಅದಕ್ಕೇ ಆ ಹೆಸರು ಬಂತು ಎಂದು ಆ ಯಂತ್ರಕ್ಕೆ ನಾನು ಹೇಗೆ ವಿವರಿಸಲಿ? ಅಮ್ಮನ ಫೋಟೋ ಹದಿನಾಲ್ಕು ಸಲ ತೆಗೆದೆ. ಗುರುತಿನ ಚೀಟಿಯ ಮುಖಕ್ಕೂ ಈಗಿನ ಮುಖಕ್ಕೂ ತಾಳೆಯಾಗುತ್ತಿಲ್ಲವಂತೆ. "ಇಪ್ಪತ್ತು ವರ್ಷ ಆಗಿದೆ ಕಣೇ, ಅದಕ್ಕೇನು ಗೊತ್ತು ನನ್ನ ಕಷ್ಟ" ಎಂದಳು ಅಮ್ಮ. ಕನ್ನಡಕ ತೆಗೆಯಿರಿ ಎಂದಿತು. ತೆಗೆದಳು. ಕಣ್ಣು ಅಗಲ ಮಾಡಿ ಪರದೆಯಲ್ಲಿರುವ ಚುಕ್ಕೆ ನೋಡಿ ಎಂದಿತು. ಕನ್ನಡಕ ತೆಗೆದರೆ ಅಮ್ಮನಿಗೆ ಚುಕ್ಕೆಯಿರಲಿ, ಪರದೆಯೇ ಕಾಣುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಸತಾಯಿಸಿದ್ದು ಮೂರನೇ ಪ್ಯಾರಾ. 'ಸದರಿ ವ್ಯಕ್ತಿ ಮನೆ ತೊರೆದ ಕಾರಣ, ಇನ್ನೂರು ಅಕ್ಷರ ಮೀರದಂತೆ.' ಇನ್ನೂರು ಅಕ್ಷರದಲ್ಲಿ ಏನು ಬರೆಯಲಿ? ಅಪ್ಪ ಮಗ ಇಬ್ಬರೂ ಆ ಆಸ್ಪತ್ರೆ ಕಟ್ಟಡದ ತಾರಸಿಯ ಮೋಟರು ಕೋಣೆಯಲ್ಲಿ ಲಿಫ್ಟು ರಿಪೇರಿ ಮಾಡುತ್ತಿದ್ದರು. ಅಪ್ಪನ ಕೈ ಹಗ್ಗದ ಚಕ್ರದ ಹತ್ತಿರವಿತ್ತು. ಮಗ ಸ್ವಿಚ್ಚು ಹಾಕಿದ. ಅಪ್ಪನ ಬಲಗೈಯ ಎರಡು ಬೆರಳು ಹೋದವು. ಆಮೇಲೆ ಅಪ್ಪ ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಒಂದು ತಿಂಗಳು ಬೆಳಗ್ಗೆ ಬೆಳಗ್ಗೆ ಅಪ್ಪ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡಿ ನೋಡಿ ಮಗ ಹೊರಟುಹೋದ. ಎಷ್ಟು ಅದುಮಿದರೂ ಇನ್ನೂರಕ್ಕೆ ಇಳಿಯಲಿಲ್ಲ. ಕೊನೆಗೆ 'ವೈಯಕ್ತಿಕ' ಎಂದು ಬರೆದೆ. ಅದಕ್ಕೆ ಯಂತ್ರ ತಕರಾರು ಮಾಡಲಿಲ್ಲ, ಹಸಿರು ಗುರುತು ಹಾಕಿತು.

ಆದರೆ ನಿನಗೆ ಇನ್ನೂರು ಅಕ್ಷರದ ಲೆಕ್ಕವಿಲ್ಲದೆ ಒಂದು ಸಂಗತಿ ಹೇಳಬೇಕು. ಆಸ್ಪತ್ರೆಯಲ್ಲಿದ್ದಾಗ ಅಪ್ಪನ ರಕ್ತ ನಾನೇ ತೆಗೆಯುತ್ತಿದ್ದೆ, ಬೇರೆಯವರಿಗೆ ನರ ಸಿಗುತ್ತಿರಲಿಲ್ಲ. ಒಂದು ದಿನ ತೋಳಿಗೆ ಪಟ್ಟಿ ಬಿಗಿಯುತ್ತಿರುವಾಗ ಆ ಬೆರಳಿಲ್ಲದ ಕೈಯನ್ನೇ ನೋಡುತ್ತಾ, "ಸ್ವಿಚ್ ಹಾಕು ಅಂತ ಕೂಗಿದ್ದು ನಾನೇ. ಅವನು ಎರಡು ಸಲ ಕೇಳ್ದ, ಹಾಕ್ಲಾ ಅಪ್ಪಾ, ಹಾಕ್ಲಾ ಅಂತ. ಹಾಕು ಅಂದೆ. ಕೈ ಎಲ್ಲಿದೆ ಅಂತ ನಾನೇ ನೋಡ್ಕೊಳ್ಲಿಲ್ಲ" ಎಂದರು. ನಾನು ಪಟ್ಟಿ ಸಡಿಲಿಸಿದೆ. "ಇದನ್ನ ಅವನಿಗೆ ಯಾವತ್ತಾದ್ರೂ ಹೇಳಿದ್ರಾ?" ಎಂದೆ. ನನ್ನನ್ನು ದಡ್ಡಿಯ ಹಾಗೆ ನೋಡಿ, "ಅವನು ಅಲ್ಲೇ ಇದ್ದನಲ್ಲ, ಅವನಿಗೆ ಗೊತ್ತಿರೋದೇ ತಾನೆ. ಅದರಲ್ಲಿ ಹೇಳೋದೇನಿದೆ?" ಎಂದರು. ಇಬ್ಬರೂ ಒಂದೇ ಅಚ್ಚು ನೀವು! ಅವರು ನಿನಗೆ ಗೊತ್ತಿದೆ ಎಂದುಕೊಂಡು ಸುಮ್ಮನಿದ್ದರು, ನೀನು ಅವರು ಸುಮ್ಮನಿದ್ದಾರೆಂದು ಮನೆ ಬಿಟ್ಟೆ. ನಡುವೆ ನಾನು ಎರಡು ವರ್ಷ ಪೊಲೀಸ್ ಠಾಣೆಗೂ ಆಸ್ಪತ್ರೆಗಳ ಶವಾಗಾರಕ್ಕೂ ಅಲೆದೆ. ಶವಾಗಾರದವರು ಬಟ್ಟೆ ಸರಿಸುವಾಗ ನಾನು ಮೊದಲು ಎಡಗಿವಿ ನೋಡುತ್ತಿದ್ದೆ. ಇದನ್ನು ನಿನ್ನ ಭಾವನಿಗೂ ಹೇಳಿಲ್ಲ.

ಕೊನೆಗೂ ಅಫಿಡವಿಟ್ ಸಿದ್ಧವಾಯಿತು. ಕಳೆದ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ನೋಟರಿ ವೀಡಿಯೋದಲ್ಲಿ ಬರುವುದೆಂದು ಗೊತ್ತಾಯಿತು. ನಾನು ರಜೆ ಹಾಕಿದೆ. ಅಮ್ಮ ಇಸ್ತ್ರಿ ಸೀರೆ ಉಟ್ಟು ಈ ಮೇಜಿನ ಮುಂದೆಯೇ ಕುಳಿತಳು. ನೋಟರಿ ಒಬ್ಬ ಹೆಂಗಸು, ನನ್ನದೇ ವಯಸ್ಸು, ಅವತ್ತು ಜೋರು ನೆಗಡಿ ಬೇರೆ. ನನ್ನದು ಮೊದಲು ಆಯಿತು. ಒಂದೊಂದು ಪ್ಯಾರಾ ಓದಿದರು, ನಾನು ಪಟಪಟನೆ ಹೌದು ಹೌದು ಎಂದೆ. ಆಮೇಲೆ ಅಮ್ಮನ ಸರದಿ. ಪಕ್ಕದಲ್ಲಿ ಯಾರೂ ಇರಬಾರದು ಎಂದರು, ನಾನು ಫ್ರಿಜ್ಜಿನ ಹತ್ತಿರ ಹೋಗಿ ನಿಂತೆ. ಒಂದು, ಎರಡು, ಮೂರು ಆಯಿತು. ನಾಲ್ಕನೇ ಪ್ಯಾರಾ ಓದಿದರು: 'ಕಳೆದ ಏಳು ವರ್ಷಗಳಲ್ಲಿ ಸದರಿ ವ್ಯಕ್ತಿಯಿಂದ ಪತ್ರವಾಗಲಿ, ಫೋನಾಗಲಿ, ಬೇರಾವುದೇ ಸುದ್ದಿಯಾಗಲಿ ನನಗೆ ಬಂದಿರುವುದಿಲ್ಲ.' "ಇದು ನಿಜಾನಾ ಅಮ್ಮಾ?"

ಅಮ್ಮ ಮಾತಾಡಲಿಲ್ಲ. ನೋಟರಿ ನೆಟ್‌ವರ್ಕ್ ಹೋಯಿತೆಂದುಕೊಂಡರು. "ಅಮ್ಮಾ, ಕೇಳಿಸ್ತಿದೆಯಾ? ಚಿತ್ರ ನಿಂತುಹೋಗಿದೆ ಅನ್ಸತ್ತೆ." ಅಮ್ಮ, "ಕೇಳಿಸ್ತಿದೆ" ಎಂದಳು. "ಹಾಗಾದ್ರೆ ಹೌದೋ ಅಲ್ವೋ ಹೇಳ್ಬಿಡಿ." ನಾನು ತಡೆಯಲಾರದೆ ಫ್ರಿಜ್ಜಿನ ಪಕ್ಕದಿಂದ, "ಅಮ್ಮಾ, ಹೌದು ಅನ್ನು!" ಎಂದೆ. ನೋಟರಿಗೆ ಸಿಟ್ಟು ಬಂತು. "ಯಾರದು ಹೇಳ್ಕೊಡ್ತಿರೋದು? ಇದೆಲ್ಲ ರೆಕಾರ್ಡ್ ಆಗ್ತಿದೆ ಗೊತ್ತಾ?" ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತು, "ಪ್ರಮಾಣ ಅಂದ್ರೆ ಪ್ರಮಾಣಾನೇ ಅಲ್ವಾ?" ಎಂದು ಕೇಳಿದಳು. ಹೌದು ಎಂದರು. "ಹಾಗಿದ್ರೆ ಅಲ್ಲ ಅಂತ ಬರ್ಕೊಳಿ. ಒಂದು ಕಾಗದ ಬಂದಿದೆ. ನಾಲ್ಕು ವರ್ಷ ಆಯ್ತು."

ನನಗೆ ಆ ಕ್ಷಣ ಹೇಗಾಯಿತೆಂದು ಬರೆಯಲು ಬರುವುದಿಲ್ಲ. ನೋಟರಿ ಮೂಗು ಒರೆಸಿಕೊಂಡು, ಮೆತ್ತಗಿನ ದನಿಯಲ್ಲೇ, "ಹಾಗಿದ್ರೆ ನಾನು ಇದಕ್ಕೆ ಮುದ್ರೆ ಹಾಕೋಕಾಗಲ್ಲ ಅಮ್ಮಾ. ನಿಜ ಹೇಳಿದ್ರಿ, ಒಳ್ಳೇದಾಯ್ತು" ಎಂದು ಮುಗಿಸಿಬಿಟ್ಟರು. ಪರದೆಯ ಮೇಲೆ ಕೆಂಪಕ್ಷರದಲ್ಲಿ 'ತಿರಸ್ಕೃತ' ಎಂದು ಬಂತು. ಅಮ್ಮ ಎದ್ದು, ನನ್ನ ಮುಖ ನೋಡದೆ, ಕಪಾಟಿನ ಮೇಲಿನಿಂದ ಫ್ರಿಜ್ಜಿನ ಗ್ಯಾರಂಟಿ ಕಾರ್ಡಿನ ಪ್ಲಾಸ್ಟಿಕ್ ಕವರು ತೆಗೆದಳು. ಬಳಸುವ ವಿಧಾನದ ಪುಸ್ತಕದೊಳಗೆ ನಿನ್ನ ಲಕೋಟೆ. ಹನ್ನೊಂದು ಸಾಲು. ಕೆಲಸ ಸಿಕ್ಕಿದೆ. ಊಟಕ್ಕೆ ತೊಂದರೆಯಿಲ್ಲ. ಹುಡುಕಬೇಡಿ. ಅಪ್ಪನಿಗೆ ಹೇಳಬೇಡ. ಅಕ್ಕನಿಗಂತೂ ಹೇಳಲೇಬೇಡ, ಹೇಳಿದರೆ ಮೊದಲನೇ ಬಸ್ಸಿಗೆ ಬಂದು ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತಾಳೆ.

ಸರಿಯಾಗೇ ತಿಳಿದುಕೊಂಡಿದ್ದೀಯ ನನ್ನನ್ನು. ಅವತ್ತು ಅಮ್ಮನ ಜೊತೆ ನಾನು ಆಡಿದ ಜಗಳ ಮೂರನೇ ಮಹಡಿಯ ಟೈಲರಮ್ಮನವರೆಗೂ ಕೇಳಿಸಿದೆ. ನಾಲ್ಕು ವರ್ಷ! ನಾನು ದಾರಿಯಲ್ಲಿ ನಿನ್ನಷ್ಟು ಎತ್ತರದವರ ಬೆನ್ನು ಕಂಡರೆ ಓಡಿಹೋಗಿ ಮುಖ ನೋಡುತ್ತಿದ್ದೆ, ಮನೆಯಲ್ಲಿ ಇವಳು ಅದನ್ನು ಫ್ರಿಜ್ಜಿನ ಕಾಗದದ ಜೊತೆ ಇಟ್ಟುಕೊಂಡು ಕುಳಿತಿದ್ದಳು. "ಮಾತು ಕೊಟ್ಟಿದ್ದೆ ಕಣೇ" ಎಂದಳು. "ಯಾರಿಗೆ? ಕಾಗದಕ್ಕಾ?" ಎಂದೆ. "ಓದ್ತಾ ಓದ್ತಾ ಆಯ್ತಪ್ಪ ಹೇಳಲ್ಲ ಅಂದಿದ್ದೆ. ಅವನಿಗೆ ಕೇಳಿಸ್ಲಿಲ್ಲ, ಅದು ಬೇರೆ ಮಾತು" ಎಂದಳು. ಇಂಥವರ ಜೊತೆ ಹೇಗೆ ಜಗಳವಾಡುವುದು ಹೇಳು. ಅಪ್ಪ ಹೋದಾಗ ಅವಳೇ ಒಂದು ಕಾರ್ಡು ಬರೆದು ಲಕೋಟೆಯ ಹಿಂದಿದ್ದ ವಿಳಾಸಕ್ಕೆ ಹಾಕಿದ್ದಳಂತೆ. ಉತ್ತರ ಬರಲಿಲ್ಲ. ಕಾರ್ಡು ವಾಪಸೂ ಬರಲಿಲ್ಲ. ಅಲ್ಲಿಂದೀಚೆಗೆ ನೀನು ಇದ್ದೀಯೋ ಇಲ್ಲವೋ ಎಂಬ ಭಯ ಅವಳಿಗೂ ಹಿಡಿದಿತ್ತು. ಆ ಭಯವನ್ನೂ ಅದೇ ಕವರಿನಲ್ಲಿ ಇಟ್ಟು ಬೀಗ ಹಾಕಿಕೊಂಡಿದ್ದಳು.

ಸೋಮವಾರ ಲ್ಯಾಬಿನಿಂದ ಬಂದು ಲಕೋಟೆಯ ಹಿಂದಿದ್ದ ವರ್ಕ್‌ಶಾಪಿನ ಹೆಸರು ಹಾಕಿ ಹುಡುಕಿದೆ. ಫೋನ್ ನಂಬರು ಸಿಕ್ಕಿತು. ಮಾಡಿದೆ. ಯಾರೋ ವಯಸ್ಸಾದವರು ತೆಗೆದರು, ಹಿಂದೆ ಗ್ರೈಂಡರಿನ ಸದ್ದು. ನಾನು ನಿನ್ನ ಹೆಸರು ಹೇಳಿ, ಇಂಥವರು ಅಲ್ಲಿದ್ದಾರಾ ಎಂದು ಕೇಳಿದೆ. ಅವರು, "ಲಿಫ್ಟ್ ಕೆಲಸದವರಾ? ಇದ್ದಾರೆ, ಇದ್ದಾರೆ. ಸೈಟಿಗೆ ಹೋಗಿದ್ದಾರೆ. ಏನು ಹೇಳ್ಲಿ?" ಎಂದರು. ನಾನು ಫೋನು ಇಟ್ಟುಬಿಟ್ಟೆ. ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸಿ ಎಷ್ಟೋ ಹೊತ್ತು ಕುಳಿತೆ. ಹೊರಗೆ ಬಂದು ಅಮ್ಮನಿಗೆ "ಇದ್ದಾನಂತೆ" ಎಂದೆ, ಅಷ್ಟೇ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಹೆಚ್ಚುತ್ತಲೇ, "ಗೊತ್ತಿತ್ತು" ಎಂದಳು. ಗೊತ್ತಿರಲಿಲ್ಲ. ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚುತ್ತಿದ್ದಳು.

ಮತ್ತೆ ಫೋನು ಮಾಡಬಹುದಿತ್ತು. ಮಾಡಿದರೆ ನಾನು ಬೈಯುತ್ತೇನೆ, ನೀನು ಇಡುತ್ತೀಯ, ಆಮೇಲೆ ಆ ವರ್ಕ್‌ಶಾಪನ್ನೂ ಬಿಟ್ಟು ಹೋಗುತ್ತೀಯ. ಬಸ್ಸು ಹತ್ತೋಣವೆಂದರೆ ಅಮ್ಮ ಕೈ ಹಿಡಿದುಕೊಂಡು, "ಬೇಡ, ಹೆದರಿಸಬೇಡ ಅವನನ್ನ" ಎಂದಳು. ಅದಕ್ಕೇ ಈ ಕಾಗದ. ಇದರಲ್ಲಿ ಎಷ್ಟು ಬೈದರೂ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ಈಗ ನಿನ್ನಿಂದ ಆಗಬೇಕಾದ್ದು ಇಷ್ಟು. ನೀನು ಇದ್ದೀಯ ಎಂದ ಮೇಲೆ ಆ ಸುಳ್ಳು ಅಫಿಡವಿಟ್ ಮುಗಿದ ಕಥೆ. ಎಂಟನೇ ಕೌಂಟರಿನ ಮೇಡಂ ತಲೆ ಹಿಡಿದುಕೊಂಡು, ಹಾಗಾದರೆ ಅವರದೇ ಒಪ್ಪಿಗೆಯ ಅಫಿಡವಿಟ್ ಬೇಕು ಎಂದರು: ಮನೆಯನ್ನು ತಾಯಿಯ ಹೆಸರಿಗೆ ಮಾಡಲು ನನ್ನ ಅಭ್ಯಂತರವಿಲ್ಲ ಎಂದು. ನಾಲ್ಕೇ ಪ್ಯಾರಾ, ನಾನೇ ಬರೆದಿಟ್ಟಿದ್ದೇನೆ. ಮನೆ ಬಿಟ್ಟ ಕಾರಣ ಇದರಲ್ಲಿ ಕೇಳುವುದಿಲ್ಲ. ಅದೇ ನೆಗಡಿ ನೋಟರಿಯನ್ನು ಹದಿನೆಂಟನೇ ತಾರೀಕು ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಗೊತ್ತು ಮಾಡಿದ್ದೇನೆ. ನೀನು ಎಲ್ಲಿಗೂ ಬರಬೇಕಾಗಿಲ್ಲ. ನಿನ್ನ ಫೋನಿನಲ್ಲಿ ಹಿಂದಿನ ಹಾಳೆಯಲ್ಲಿರುವ ಲಿಂಕ್ ಹೊಡೆದರೆ ಸಾಕು. ನಿನ್ನ ನಂಬರು ಗೊತ್ತಿಲ್ಲದ್ದರಿಂದ ಆ ಮಾರುದ್ದದ ಲಿಂಕನ್ನು ಒಂದೊಂದೇ ಅಕ್ಷರ ಕೈಯಲ್ಲಿ ಬರೆದಿದ್ದೇನೆ, ಸೊನ್ನೆಗಳ ಹೊಟ್ಟೆಗೆ ಗೀಟು ಎಳೆದಿದ್ದೇನೆ. ಗುರುತಿನ ಚೀಟಿ ಕೈಯಲ್ಲಿಟ್ಟುಕೋ. ಬೆಳಕಿಗೆ ಬೆನ್ನು ಮಾಡಿ ಕೂರಬೇಡ, ಮುಖ ಕಪ್ಪಗೆ ಕಂಡರೆ ಅದು ಒಪ್ಪುವುದಿಲ್ಲ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡ. ಗ್ರೈಂಡರಿನವರಿಗೆ ಐದು ನಿಮಿಷ ನಿಲ್ಲಿಸಲು ಹೇಳು. ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಎನ್ನು, ಅದಕ್ಕೂ ಒಂದು ಗುಂಡಿಯಿದೆ. ಸುಮ್ಮನೆ ಮಾತ್ರ ಇರಬೇಡ. ನಮ್ಮ ಮನೆಯಲ್ಲಿ ಸುಮ್ಮನಿದ್ದು ಸುಮ್ಮನಿದ್ದು ಆದ ನಷ್ಟ ಸಾಕು.

ಕಿವಿ ಡಾಕ್ಟರಿಗೆ ತೋರಿಸು. ಮೋಟರು ಕೋಣೆಯಲ್ಲಿ ಕೈ ಎಲ್ಲಿದೆ ಎಂದು ನೋಡಿಕೊಂಡು ಕೆಲಸ ಮಾಡು. ಭಾವ ಕೇಳಿದೆನೆಂದು ಬರೆಯಲು ಹೇಳಿದ್ದಾರೆ. ಸೋದರಸೊಸೆಗೆ ನಿನ್ನ ಮುಖ ನೆನಪಿಲ್ಲ, ಹೆಗಲು ನೆನಪಿದೆಯಂತೆ. ಅಮ್ಮನ ಆಶೀರ್ವಾದ, ಅದನ್ನು ಅವಳು ಬರೆಸಬೇಕಾಗಿಲ್ಲ. ನನ್ನದು ಕೋಪ, ಅದರ ಜೊತೆಗೇ ಉಳಿದದ್ದೆಲ್ಲ.

ಇಂತಿ,
ನಿನ್ನ ಅಕ್ಕ

ಇದೊಂದು ಮಾತು ಅವಸರದಲ್ಲಿ: ಲಕೋಟೆ ಅಂಟಿಸುವ ಹೊತ್ತಿಗೆ ಎಂಟನೇ ಕೌಂಟರಿನ ಮೇಡಂ ಫೋನು ಮಾಡಿದ್ದರು. ಅವರು ಮೇಲಿನವರನ್ನು ವಿಚಾರಿಸಿದರಂತೆ. ಅಮ್ಮ ಬದುಕಿರುವಾಗ ಅವಳ ಒಬ್ಬಳ ಸಹಿ ಸಾಕಂತೆ, ಮಕ್ಕಳದ್ದು ಬೇಕೇ ಇರಲಿಲ್ಲವಂತೆ. "ನಿಮಗೆ ಸುಮ್ನೆ ಅಲೆದಾಟ ಆಯ್ತು, ಬೇಜಾರು ಮಾಡ್ಕೋಬೇಡಿ" ಎಂದರು. ಇಪ್ಪತ್ತಾರು ದಿನ! ನನಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಅಂದರೆ ಮನೆಗಾಗಿ ನಿನ್ನ ಸಹಿ ಬೇಡ. ನೀನು ಬರದಿದ್ದರೂ ನಮಗೆ ಮನೆ ಸಿಗುತ್ತದೆ. ಇದನ್ನು ನಿನಗೆ ಮುಚ್ಚಿಡುವುದು ನನ್ನಿಂದ ಆಗಲಿಲ್ಲ, ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಹದಿನೆಂಟನೇ ತಾರೀಕಿನದನ್ನು ರದ್ದೂ ಮಾಡಿಲ್ಲ. ನೋಟರಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರು, "ಹನ್ನೊಂದಕ್ಕೆ ನಾನು ಬರಲ್ಲ. ಆದ್ರೆ ಲಿಂಕ್ ತೆರೆದೇ ಇರತ್ತೆ, ಅರ್ಧ ಗಂಟೆ ನೀವೇ ಮಾತಾಡ್ಕೊಳಿ" ಎಂದರು. ಈಗ ಅಮ್ಮ ಪಕ್ಕದಲ್ಲಿ ನಿಂತು, ಅವನ ಮುಖ ಪರದೆ ತುಂಬ ಬರುತ್ತಾ, ಇಲ್ಲ ಮೂಲೆಯಲ್ಲಿ ಚಿಕ್ಕದಾಗಿ ಬರುತ್ತಾ ಎಂದು ಕೇಳುತ್ತಿದ್ದಾಳೆ. ತುಂಬ ಬರುತ್ತದೆ ಎಂದಿದ್ದೇನೆ.